ದುಡ್ಡು ಕೊಟ್ಟು ಕರಡಿ ಕಾಡಲ್ಲಿ ಮಲಗಿದ್ದು

"ಅಲ್ಲಪ್ಪಾ, ಕರಡಿ ಇರೋ ಕಾಡಿಗೆ ಹೋಗಿ ಮಲಗಾಕೆ ದುಡ್ಡು ಯಾಕೆ ಕೊಡಬೇಕು? ಇವರಿಗೆ ನಮ್ಮೂರು ತೋರಿಸು, ಬಿಟ್ಟಿ ಮಲಗಲಿ."

ಕೆನಡಾದ ಆಲ್ಗಾಂಕ್ವಿನ್ ಪಾರ್ಕಿನ ಪರ್ಮಿಟ್‌ಗೆ ನಾನು ಲ್ಯಾಪ್‌ಟಾಪಿನಲ್ಲಿ ಹಣ ಕಟ್ಟುತ್ತಿದ್ದಾಗ ಹಿಂದೆ ನಿಂತು ನೋಡುತ್ತಿದ್ದ ಅಪ್ಪ ಹೇಳಿದ ಮಾತಿದು. ಒಂದು ರಾತ್ರಿಗೆ ತಲೆಗೆ ಹತ್ತು ಡಾಲರ್‌ಗಿಂತ ತುಸು ಹೆಚ್ಚು. ನಾಲ್ಕು ಜನ, ಎರಡು ರಾತ್ರಿ. ಅಪ್ಪ ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕಿ, "ಒಂದು ಚೀಲ ಬಿತ್ತನೆ ಶೇಂಗಾ ಬರ್ತಿತ್ತಲ್ಲೋ" ಅಂದು ಬಾಲ್ಕನಿಗೆ ಹೋದ.

ಅಪ್ಪನ ಮಾತು ತಮಾಷೆಗೆ ಹೇಳಿದ್ದಲ್ಲ. ನಮ್ಮೂರು ಗುಡೇಕೋಟೆ. ವಿಜಯನಗರ ಜಿಲ್ಲೆ, ಕೂಡ್ಲಿಗಿ ತಾಲ್ಲೂಕು. ಒನಕೆ ಓಬವ್ವನ ತವರು ನಮ್ಮದೇ ಅಂತ ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಊರ ಸುತ್ತ ಬಂಡೆಗುಡ್ಡಗಳು, ಬಂಡೆಯ ಮೇಲೆ ಪಾಳೇಗಾರರ ಕೋಟೆ, ಬಂಡೆಯ ಸಂದಿಯಲ್ಲಿ ಕರಡಿ. ಹೊರಗಿನವರಿಗೆ ಕರಡಿ ಅಂದರೆ 1994ರಲ್ಲಿ ಘೋಷಣೆಯಾದ ಹಂಪಿ ಹತ್ತಿರದ ದರೋಜಿ ಕರಡಿಧಾಮ ಮಾತ್ರ ಗೊತ್ತು. ನಮ್ಮ ಗುಡೇಕೋಟೆಯ ಕಾಡನ್ನೂ 2013ರಲ್ಲಿ ಕರಡಿಧಾಮ ಮಾಡಿದ್ದಾರೆ. ಬೋರ್ಡು ಬಂತು. ಕರಡಿಗಳು ಬೋರ್ಡು ಬರುವ ಮೊದಲೂ ಇದ್ದವು, ಬೋರ್ಡಿನ ಈಚೆಗೂ ಬರುತ್ತವೆ. ಶೇಂಗಾ ಬಲಿತಾಗ, ಮೆಕ್ಕೆಜೋಳ ಹಾಲುಗಟ್ಟಿದಾಗ, ಸೀತಾಫಲ ಹಣ್ಣಾದಾಗ ಬಂದೇ ಬರುತ್ತವೆ. ಆ ದಿನಗಳಲ್ಲಿ ಅಪ್ಪ ರಾತ್ರಿ ಹೊಲದಲ್ಲೇ ಮಲಗುತ್ತಾನೆ. ಮಲಗುತ್ತಾನೆ ಅನ್ನುವುದು ಹೇಳುವ ಮಾತು. ಅಟ್ಟಣಿಗೆ ಮೇಲೆ ಕೂತು ಡಬ್ಬ ಬಡಿಯುತ್ತ, ಟಾರ್ಚ್ ಬಿಡುತ್ತ ಬೆಳಗು ಮಾಡುತ್ತಾನೆ.

ನಾನು ಓದಿದ್ದು ಎಂಜಿನಿಯರಿಂಗ್. ಬೆಂಗಳೂರಲ್ಲಿ ನಾಲ್ಕು ವರ್ಷ ಕೋಡ್ ಬರೆದು, ಈಗ ಒಂಟಾರಿಯೊ ಪ್ರಾಂತ್ಯದ ವಾಟರ್ಲೂನಲ್ಲಿ ಬರೆಯುತ್ತಿದ್ದೇನೆ. ಹೆಂಡತಿ ಕುಂದಾಪುರದವಳು, ಅವಳದ್ದೂ ಇದೇ ಕೆಲಸ. ಅಪ್ಪ-ಅಮ್ಮನನ್ನು ಸೂಪರ್ ವೀಸಾದಲ್ಲಿ ಕರೆಸಿಕೊಂಡಿದ್ದೆವು. 2022ರಿಂದ ಈ ವೀಸಾದಲ್ಲಿ ತಂದೆ-ತಾಯಿ ಒಮ್ಮೆ ಬಂದರೆ ಐದು ವರ್ಷದವರೆಗೂ ಇರಬಹುದು. ಆ ಐದು ವರ್ಷದ ಮೇಲೆ ನನಗೊಂದು ಕಣ್ಣಿತ್ತು.

ಕಾರಣ ಇದೆ. ಹೋದ ವರ್ಷ ಅಪ್ಪನ ಜೊತೆಗಾರರೊಬ್ಬರು, ನಾನು ಚಿಕ್ಕಂದಿನಿಂದ ಮಾಮ ಅಂತ ಕರೆದವರು, ನಸುಕಿನಲ್ಲಿ ಹೊಲಕ್ಕೆ ಹೊರಟಾಗ ಬೇಲಿ ತಿರುವಿನಲ್ಲಿ ಮರಿ ಹೊತ್ತ ಕರಡಿ ಎದುರಾಯಿತು. ಜೀವ ಉಳಿಯಿತು. ಒಂದು ಕಣ್ಣು ಉಳಿಯಲಿಲ್ಲ. ಬಳ್ಳಾರಿ ಆಸ್ಪತ್ರೆಯಿಂದ ಅಪ್ಪ ವಿಡಿಯೊ ಕಾಲ್ ಮಾಡಿ ಮಾಮನ ಮುಖ ತೋರಿಸಿದ ದಿನ ನನಗೆ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಏನು ಹೇಳಿದೆ ಅನ್ನುವುದೇ ನೆನಪಿಲ್ಲ. ಅವತ್ತಿನಿಂದ ಪ್ರತಿ ಫೋನಿನಲ್ಲೂ ನನ್ನದು ಒಂದೇ ರಾಗ: ಹೊಲ ಪಾಲಿಗೆ ಕೊಡು, ಇಲ್ಲಿಗೆ ಬಾ, ಇಲ್ಲವೇ ಬೆಂಗಳೂರಲ್ಲಿ ಮನೆ ಮಾಡುತ್ತೇನೆ, ಅಲ್ಲಿರು. ಅಪ್ಪನದ್ದೂ ಒಂದೇ ರಾಗ: "ಆತು, ನೋಡಾನ." ನಮ್ಮ ಕಡೆ 'ನೋಡಾನ' ಅಂದರೆ ಇಲ್ಲ ಅಂತ ಅರ್ಥ.

ಬಂದ ಮೇಲೆ ನಯಾಗರ ಆಯಿತು, ಟೊರಾಂಟೊ ಗೋಪುರ ಆಯಿತು, ದೇವಸ್ಥಾನ ಆಯಿತು. ಅಪಾರ್ಟ್‌ಮೆಂಟಿನಲ್ಲಿ ಅಪ್ಪ ಒಣಗತೊಡಗಿದ. ದಿನಾ ರಾತ್ರಿ ಊರಿಗೆ ಫೋನ್ ಹಚ್ಚಿ, ಪಾಲಿಗೆ ಮಾಡಿದವನ ಹತ್ತಿರ ಶೇಂಗಾ ಹೂ ಬಿಟ್ಟಿತಾ, ಮಳೆ ಬಿತ್ತಾ, ಹಂದಿ ಬಂದಿದ್ದವಾ ಅಂತ ವಿಚಾರಣೆ. ಮನೆಯೊಳಗೆ ನಾನು ಮಾತೆತ್ತಿದರೆ ವಾಕಿಂಗ್‌ಗೆ ಎದ್ದು ಹೋಗುವುದು. ಹೀಗಿರುವಾಗ ಕೆನೂ ಕ್ಯಾಂಪಿಂಗ್ ಐಡಿಯಾ ಕೊಟ್ಟವಳು ಹೆಂಡತಿ. "ದೋಣಿ ಮೇಲೆ ಕೂತ್ರೆ ಎದ್ದು ಹೋಪುಕೆ ಆತ್ತಾ ಮಾರಾಯ್ರೆ?" ಅಂದಳು.

ಕೆನೂ ಅಂದರೆ ಎರಡೂ ತುದಿ ಚೂಪಾದ, ಉದ್ದನೆಯ, ಹಗುರ ದೋಣಿ. ಇಲ್ಲಿನ ಮೂಲನಿವಾಸಿಗಳು ಬರ್ಚ್ ಮರದ ತೊಗಟೆ ಹೊದಿಸಿ, ಮರದ ಅಂಟಿನಿಂದ ಬಿರುಕು ಮುಚ್ಚಿ ಇದನ್ನು ಮಾಡುತ್ತಿದ್ದರು. ಈಗಿನದು ಕೆವ್ಲಾರ್, ಇಪ್ಪತ್ತು ಕೆಜಿ ಆಸುಪಾಸು. ಆಲ್ಗಾಂಕ್ವಿನ್ 1893ರಲ್ಲಿ ಶುರುವಾದ, ಒಂಟಾರಿಯೊದ ಅತಿ ಹಳೆಯ ಪ್ರಾಂತೀಯ ಪಾರ್ಕ್. ವಿಸ್ತಾರ 7,600 ಚದರ ಕಿಲೋಮೀಟರಿಗೂ ಹೆಚ್ಚು. ಒಳಗೆ ಎರಡು ಸಾವಿರಕ್ಕೂ ಮಿಕ್ಕಿ ಕೆರೆಗಳು, ಅವನ್ನು ಪೋಣಿಸಿದ ಎರಡು ಸಾವಿರ ಕಿಲೋಮೀಟರಿಗೂ ಉದ್ದದ ದೋಣಿದಾರಿ. ದಕ್ಷಿಣದ ಅಂಚಿನಲ್ಲಿ ಒಂದು ಹೆದ್ದಾರಿ ಹಾದುಹೋಗುತ್ತದೆ. ಅದರಾಚೆ ಒಳಗೆ ಹೋಗಬೇಕೆಂದರೆ ಹುಟ್ಟು ಹಾಕಬೇಕು ಇಲ್ಲವೇ ನಡೆಯಬೇಕು. ಇದನ್ನೆಲ್ಲ ಅಪ್ಪನಿಗೆ ಮ್ಯಾಪಿನಲ್ಲಿ ತೋರಿಸಿದೆ. ಬೋರ್ ಕೊರೆಸಿ ಆರುನೂರು ಅಡಿಗೆ ಬರೀ ಧೂಳು ಕಂಡ ಮನುಷ್ಯ. ಮ್ಯಾಪಿನ ನೀಲಿಯ ಮೇಲೆ ಬೆರಳಾಡಿಸುತ್ತ, "ಇದರಾಗೆ ಒಂದೇ ಒಂದು ಕೆರೆ ನಮ್ಮ ಕಡೆ ಇದ್ದಿದ್ರೆ" ಅಂದವನು ಮಾತು ಮುಗಿಸಲಿಲ್ಲ.

ಸೆಪ್ಟೆಂಬರ್ ಆಯ್ದುಕೊಂಡೆವು. ಮೇ-ಜೂನ್‌ನಲ್ಲಿ ಕಪ್ಪುನೊಣ, ಆಮೇಲೆ ಸೊಳ್ಳೆ. ಸೆಪ್ಟೆಂಬರಿಗೆ ಎರಡೂ ಕಡಿಮೆ. ಶಾಲೆಗಳು ಶುರುವಾಗಿ ಜನವೂ ಕಡಿಮೆ. ಹೋಗುವ ಯೋಚನೆ ಇರುವವರಿಗೆ ಒಂದು ಮಾತು: ಬುಕಿಂಗ್ ಐದು ತಿಂಗಳು ಮುಂಚೆ ತೆರೆಯುತ್ತದೆ, ವೀಕೆಂಡ್‌ಗಳು ತತ್ಕಾಲ್ ಟಿಕೆಟಿನ ಹಾಗೆ ಹಾರಿಹೋಗುತ್ತವೆ. ವಾರದ ನಡುವೆ ರಜೆ ಹಾಕುವುದೇ ವಾಸಿ.

ಊಟದ ವಿಷಯದಲ್ಲಿ ಅಮ್ಮ ಎಲ್ಲ ಬ್ಲಾಗರ್‌ಗಳನ್ನೂ ಮೀರಿಸಿದಳು. ಪಾರ್ಕಿನ ಒಳಭಾಗಕ್ಕೆ ಡಬ್ಬಿ ಆಹಾರ, ಗಾಜಿನ ಬಾಟಲಿ ಒಯ್ಯುವಂತಿಲ್ಲ ಅನ್ನುವುದು ನಿಯಮ. ಜನ ಇದಕ್ಕೆಂದೇ ಒಣಗಿಸಿದ ಪಾಸ್ತಾದ ದುಬಾರಿ ಪ್ಯಾಕೆಟ್ ಕೊಳ್ಳುತ್ತಾರೆ. ನಮ್ಮ ಖಡಕ್ ಜೋಳದ ರೊಟ್ಟಿ ಇರುವುದೇ ಇದಕ್ಕೆ! ತೂಕವಿಲ್ಲ, ಕೆಡುವುದಿಲ್ಲ, ಬೇಯಿಸಬೇಕಿಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಅಗಸಿ ಪುಡಿ, ಒಂದು ಚೀಲ ಮಂಡಕ್ಕಿ. ಉಪ್ಪಿನಕಾಯಿ ಮಾತ್ರ ಗಾಜಿನ ಬಾಟಲಿಯಿಂದ ಪ್ಲಾಸ್ಟಿಕ್ ಡಬ್ಬಕ್ಕೆ ಬಡ್ತಿ ಪಡೆಯಿತು.

ವಾಟರ್ಲೂನಿಂದ ನಾಲ್ಕು ಗಂಟೆ ಡ್ರೈವ್. ಕೆನೂ ಲೇಕ್ ಅಂತಲೇ ಹೆಸರಿರುವ ಕೆರೆಯ ದಡದಲ್ಲಿ ಬಾಡಿಗೆ ದೋಣಿ ಕೊಡುತ್ತಾರೆ. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ದೋಣಿಗೊಂದು ತೇಲುವ ಹಗ್ಗ, ನೀರು ತೋಡುವ ಡಬ್ಬ, ಸೀಟಿ, ಇವಿಷ್ಟು ಕಾನೂನಿನ ಪ್ರಕಾರ ಇರಲೇಬೇಕು. ಈ ಕೆರೆಯಲ್ಲೇ 1917ರಲ್ಲಿ ಟಾಮ್ ಥಾಮ್ಸನ್ ಅನ್ನುವ ಪ್ರಸಿದ್ಧ ಚಿತ್ರಕಾರ ಕೆನೂದಲ್ಲಿ ಒಬ್ಬನೇ ಹೊರಟು, ಎಂಟು ದಿನದ ಮೇಲೆ ಹೆಣವಾಗಿ ಸಿಕ್ಕಿದ. ದಡದ ಫಲಕದ ಮುಂದೆ ನಿಂತು ಅಮ್ಮ "ಯಾರಪ್ಪಾ ಇವನು" ಅಂದಾಗ, "ದೊಡ್ಡ ಕಲಾವಿದ" ಎಂದಷ್ಟೇ ಹೇಳಿ ಮುಂದೆ ನಡೆದೆ.

ಯಾಕೆಂದರೆ ಅಮ್ಮ ಹೆದರುತ್ತಾಳೆ ಅಂತ ನಾವಿಬ್ಬರೂ ಸಿದ್ಧವಾಗಿ ಬಂದಿದ್ದೆವು. ಅವಳಿಗೆ ಈಜು ಬಾರದು. ಬಾಡಿಗೆ ಅಂಗಡಿಯ ಹುಡುಗಿ ದೋಣಿಯನ್ನು ಹಿಡಿದು ನಿಂತು, ಹೇಗೆ ಹತ್ತಬೇಕು ಅಂತ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಸೀರೆ ಎತ್ತಿ ಕಟ್ಟಿ, ಸರಿಯಾಗಿ ನಡುಮಧ್ಯಕ್ಕೆ ಕಾಲಿಟ್ಟು, ಸೀಟು ಬಿಟ್ಟು ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಹುಡುಗಿ ನನ್ನ ಕಡೆ ತಿರುಗಿ, ಇವರು ಮೊದಲೂ ಮಾಡಿದ್ದಾರಾ ಅಂತ ಕೇಳಿದಳು.

ಮಾಡಿದ್ದಾಳೆ! ಅಮ್ಮನ ತವರು ಹೂವಿನಹಡಗಲಿ ಕಡೆ, ತುಂಗಭದ್ರೆಯ ದಡ. ಸೇತುವೆಗಳು ಬರುವ ಮೊದಲು ಆಚೆ ದಡದ ನೆಂಟರ ಮನೆಗೆ ಹೋಗುವುದೆಂದರೆ ತೆಪ್ಪ. ಪುಸ್ತಕದಲ್ಲಿ ಹರಿಗೋಲು ಅನ್ನುತ್ತಾರಲ್ಲ, ಅದೇ ದುಂಡನೆಯ ಬುಟ್ಟಿದೋಣಿ. ಸುಮಾರು 500 ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಕೂಡ ಈ ಬುಟ್ಟಿದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬಿದಿರಿನ ಹೆಣಿಗೆ, ಹೊರಗೆ ಚರ್ಮ. ಅಮ್ಮನ ಕಾಲಕ್ಕೂ ಆಕಾರ ಅದೇ. ಆ ತೆಪ್ಪದಲ್ಲಿ ಆಡು, ಕುರಿ, ಸೈಕಲ್ಲು, ಸಂತೆ ಗಂಟಿನ ನಡುವೆ ಕೂತು ಬೆಳೆದವಳು. ಮೂವತ್ತು ವರ್ಷ ಅವಳ ಮಗನಾಗಿ ಬಾಳಿ, ಇದನ್ನು ಅವಳ ಬಾಯಿಂದ ಕೇಳಿದ್ದು ಕೆನಡಾದ ಕೆರೆಯಲ್ಲಿ.

ಕುಸಿದವನು ಅಪ್ಪ. ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದದ್ದು ಬಿಡಲೇ ಇಲ್ಲ. ಹುಟ್ಟು ತೊಡೆಯ ಮೇಲೇ ಇತ್ತು. ನಾನು ಹಿಂಬದಿ, ಅಪ್ಪ ಮುಂಬದಿ. ಪಕ್ಕದ ದೋಣಿಯಲ್ಲಿ ಹೆಂಡತಿ ಹಿಂದೆ, ಅಮ್ಮ ಮುಂದೆ. ಕುಂದಾಪುರದ ಹೊಳೆ ಮತ್ತು ತುಂಗಭದ್ರೆ ಸೇರಿ ಮುಂದೆ ಸಾಗಿದವು. ಗುಡೇಕೋಟೆಯ ಬರಗಾಲದ ದೋಣಿ ಹಾವಿನ ಹಾಗೆ ಆಚೀಚೆ ಓಡಾಡುತ್ತ ಹಿಂದೆ ಬಿತ್ತು. ಅರ್ಧ ಕೆರೆಯಲ್ಲಿ ಗಾಳಿ ಎದ್ದು ಅಲೆ ಪಕ್ಕದಿಂದ ಬಡಿಯತೊಡಗಿತು. ಅಪ್ಪ ಬೇರೇನೂ ಹೇಳದೆ ದೇವರ ಹೆಸರು ಶುರುಮಾಡಿದ. ಆಗ ಅಮ್ಮ ಅಲ್ಲಿಂದಲೇ ಕೂಗಿದಳು: "ಪಕ್ಕೆ ಕೊಡಬ್ಯಾಡ್ರೋ! ಅಲೆಗೆ ಮೂತಿ ಕೊಡ್ರಿ! ಏನ್ರೀ, ಸುಮ್ಮನೆ ಕುಂತರೆ ಆಗಲ್ಲ, ಹುಟ್ಟು ಹಾಕ್ರಿ!" ಅಪ್ಪ ಅಂಚು ಬಿಟ್ಟು ಹುಟ್ಟು ಹಿಡಿದ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಅಮ್ಮ ಅಷ್ಟು ಜನರೆದುರು ಅಪ್ಪನಿಗೆ ಹೀಗೆ ಕೂಗಿ ಹೇಳಿದ್ದು ನಾನು ನೋಡಿರಲಿಲ್ಲ. 'ಅಷ್ಟು ಜನ' ಅಂದರೆ ನಾನು, ನನ್ನ ಹೆಂಡತಿ, ಒಂದು ಲೂನ್ ಹಕ್ಕಿ.

ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿಯನ್ನು ಹೊತ್ತು ನಡೆಯುವ ದಾರಿಗೆ ಪೋರ್ಟೇಜ್ ಅನ್ನುತ್ತಾರೆ, ಹಳದಿ ಬೋರ್ಡು ಇರುತ್ತದೆ. ಕೆನೂ ಲೇಕ್‌ನಿಂದ ಜೋ ಲೇಕ್‌ಗೆ ಸುಮಾರು 300 ಮೀಟರ್. ಮೊದಲ ಸಲದವರಿಗೆ ಹೇಳಿಮಾಡಿಸಿದ ದಾರಿ. ದೋಣಿಯನ್ನು ಬೋರಲು ಮಾಡಿ ಹೆಗಲ ಮೇಲೆ ಇಟ್ಟುಕೊಂಡರೆ ಹೊರಗಿನವರಿಗೆ ನಿಮ್ಮ ಕಾಲು ಮಾತ್ರ ಕಾಣುತ್ತದೆ. ಹಿಂದಿನಿಂದ ಅಮ್ಮನ ನಗು ಕೇಳುತ್ತಿತ್ತು. ತೆಪ್ಪದವನೂ ಹೀಗೇ, ಹೊಳೆಯ ಸೆಳವಿಗೆ ಕೆಳಗೆ ಬಂದಿರುತ್ತಾನಲ್ಲ, ತೆಪ್ಪ ತಲೆ ಮೇಲೆ ಹೊತ್ತು ದಡದಗುಂಟ ಮೇಲಕ್ಕೆ ನಡೆಯುತ್ತಿದ್ದನಂತೆ, ಆಮೆ ಎದ್ದು ನಿಂತ ಹಾಗೆ.

ಜೋ ಲೇಕ್‌ನ ದಡದಲ್ಲಿ ಕಿತ್ತಳೆ ಬಣ್ಣದ ಬೋರ್ಡು ಇರುವ ಕ್ಯಾಂಪ್‌ಸೈಟ್ ಹಿಡಿದೆವು. ಕಲ್ಲಿನ ಒಲೆಯಂಥ ಬೆಂಕಿಗುಂಡಿ, ಟೆಂಟ್ ಹಾಕಲು ಸಮ ಜಾಗ, ಕಾಡಿನೊಳಗೆ ತುಸು ದೂರದಲ್ಲಿ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಗೆ ಮುಚ್ಚಳವಿದೆ, ಕೆಳಗೆ ಗುಂಡಿಯಿದೆ. ಗೋಡೆಯಿಲ್ಲ, ಬಾಗಿಲಿಲ್ಲ, ಸೂರಿಲ್ಲ. ಅದೇ ಶೌಚಾಲಯ. ಅಮ್ಮ ನೋಡಿ ಬಂದು, "ಚಿಕ್ಕವಳಿದ್ದಾಗ ಬಯಲಿಗೆ ಹೋಗಿದ್ದೆ. ಮಗ ಫಾರಿನ್‌ನಲ್ಲಿ ಎಂಜಿನಿಯರ್ ಆದ ಮೇಲೂ ಬಯಲೇ" ಅಂದಳು. ಎಲ್ಲರೂ ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ. ಕತ್ತಲಾದ ಮೇಲೆ ಅಲ್ಲಿಗೆ ಯಾರೂ ಒಬ್ಬೊಬ್ಬರೇ ಹೋಗಬಾರದು, ಹೋಗುವಾಗ ಜೋರಾಗಿ ಮಾತಾಡುತ್ತ ಹೋಗಬೇಕು ಅಂತ ಆರ್ಡರ್ ಮಾಡಿದ. ದೋಣಿಯಿಂದ ಇಳಿದ ಮೇಲೆ ಅಪ್ಪ ಮತ್ತೆ ಅಪ್ಪನಾಗಿದ್ದ.

ಆಲ್ಗಾಂಕ್ವಿನ್‌ನ ಕರಡಿ ಅಮೆರಿಕನ್ ಕಪ್ಪು ಕರಡಿ. ನಮ್ಮದಕ್ಕೂ ಇದಕ್ಕೂ ಬಣ್ಣ ಬಿಟ್ಟರೆ ಹೋಲಿಕೆ ಕಡಿಮೆ. ಇದು ಸಾಮಾನ್ಯವಾಗಿ ಮನುಷ್ಯರ ಸದ್ದಿಗೆ ದೂರ ಸರಿಯುತ್ತದೆ, ಚಳಿಗಾಲವಿಡೀ ಗುಹೆ ಸೇರಿ ಮಲಗುತ್ತದೆ. ಇದರ ಕಾಟವೆಲ್ಲ ಊಟದ ವಾಸನೆಯಿಂದ. ಆದ್ದರಿಂದ ತಿನ್ನುವ ಪದಾರ್ಥ, ಪಾತ್ರೆ, ಸೋಪು, ಟೂತ್‌ಪೇಸ್ಟ್ ಕೂಡ ಚೀಲಕ್ಕೆ ತುಂಬಿ, ಟೆಂಟಿನಿಂದ ದೂರದ ಮರದ ಕೊಂಬೆಗೆ ನಾಲ್ಕು ಮೀಟರ್ ಎತ್ತರದಲ್ಲಿ, ಕಾಂಡಕ್ಕೆ ತಾಗದ ಹಾಗೆ ನೇತುಹಾಕಬೇಕು. "ಪೇಸ್ಟೂ ತಿಂತತಾ ಇಲ್ಲಿ ಕರಡಿ?" ಅಂತ ಅಪ್ಪನಿಗೆ ಅಚ್ಚರಿ. ನಮ್ಮದು ಹುತ್ತ ಅಗೆದು ಗೆದ್ದಲು ಹೀರುವ ಪ್ರಾಣಿ. ಅದಕ್ಕೆಂದೇ ಅದರ ಮೇಲ್ದವಡೆಯ ಮುಂದಿನ ಎರಡು ಹಲ್ಲು ಇರುವುದಿಲ್ಲ. ಕಣ್ಣು ಮಂದ. ಎದುರೆದುರು ಬಂದರೆ ಹಿಂದೆ ಸರಿಯುವುದಿಲ್ಲ, ಮೇಲೇ ಬೀಳುತ್ತದೆ. ಹುಲಿಯ ಜೊತೆ ಒಂದೇ ಕಾಡಲ್ಲಿ ಬಾಳಿದ ಪ್ರಾಣಿಗೆ ಓಡುವುದಕ್ಕಿಂತ ಎದುರಿಸುವುದೇ ರೂಢಿಯಾಗಿದೆ ಅಂತ ತಿಳಿದವರ ವಿವರಣೆ.

ಕೊಂಬೆಗೆ ಹಗ್ಗ ಎಸೆಯಲು ನಾನು ಹೆಣಗುತ್ತಿದ್ದೆ. ಯೂಟ್ಯೂಬಿನಲ್ಲಿ ಮೂರು ವಿಡಿಯೊ ನೋಡಿದ್ದರ ಫಲ ಶೂನ್ಯ. ಅಪ್ಪ ಹಗ್ಗ ಇಸಿದುಕೊಂಡು, ತುದಿಗೆ ಒಂದು ಕಲ್ಲು ಬಿಗಿದು, ಎರಡು ಸುತ್ತು ಬೀಸಿ ಬಿಟ್ಟ. ಜೋಳದ ತೆನೆಗೆ ಬರುವ ಗಿಳಿ ಓಡಿಸಲು ಕವಣೆ ಬೀಸಿದ ಕೈ. ಮೊದಲ ಏಟಿಗೇ ಕೊಂಬೆ ದಾಟಿತು.

ಆ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಅಪ್ಪ ಟೆಂಟಿನಲ್ಲಿ ಇರಲಿಲ್ಲ. ಜಿಪ್ ತೆಗೆದು ನೋಡಿದರೆ ಕಂಬಳಿ ಹೊದ್ದು ಬೆಂಕಿಯ ಮುಂದೆ ಕೂತಿದ್ದಾನೆ, ಪಕ್ಕದಲ್ಲಿ ಅನ್ನದ ಪಾತ್ರೆಯ ಮುಚ್ಚಳ ಮತ್ತು ಒಂದು ಕೋಲು. ಆಕಾಶ ತುಂಬ ನಕ್ಷತ್ರ. ಕೆರೆಯ ನಡುವಿನಿಂದ ಲೂನ್ ಕೂಗಿತು, ಯಾರೋ ಹೆಂಗಸು ದೂರದಲ್ಲಿ ಅತ್ತ ಹಾಗೆ. ಇದೇ ಹಕ್ಕಿಯನ್ನು ಇಲ್ಲಿನ ಒಂದು ಡಾಲರ್ ನಾಣ್ಯದ ಮೇಲೆ ಅಚ್ಚು ಹಾಕಿದ್ದಾರೆ. "ನೀ ಮಲಗು, ನಾ ಅದೀನಿ" ಅಂದ ಅಪ್ಪ. ಮಲಗಿದೆ. ನಿಜ ಹೇಳಬೇಕೆಂದರೆ, ಕೆನಡಾಕ್ಕೆ ಬಂದ ಮೇಲೆ ಅಷ್ಟು ಚೆನ್ನಾಗಿ ನಿದ್ದೆ ಮಾಡಿದ ನೆನಪು ನನಗಿಲ್ಲ.

ಬೆಳಗ್ಗೆ ನೀರು ತರಲು ಹೋದ ಅಪ್ಪ ನನ್ನನ್ನು ಕೂಗಿ ಕರೆದ. ದಾರಿ ಪಕ್ಕದಲ್ಲಿ ಒಂದು ಗುಡ್ಡೆ. ಕಡ್ಡಿಯಿಂದ ಕೆದಕಿ, "ನೋಡು, ಬರೀ ಹಣ್ಣಿನ ಬೀಜ, ಸಿಪ್ಪೆ. ಒಣಗೈತೆ. ಎರಡು ದಿನದ್ದು" ಅಂದ. ನಾಲ್ಕು ಹೆಜ್ಜೆ ಮುಂದೆ ಕೊಳೆತ ದಿಮ್ಮಿಯೊಂದು ಸೀಳಿ ಬಿದ್ದಿತ್ತು. "ಇರುವೆಗೆ ಕಿತ್ತೈತೆ. ನಮ್ಮದಾದ್ರೆ ನೆಲ ಅಗೀತಿತ್ತು. ಇದು ಮರ ಸೀಳೈತೆ. ಉಗುರು ಸಣ್ಣವು ನೋಡು ಇದರವು." ನಾನು ಆ ದಾರಿಯಲ್ಲಿ ನಾಲ್ಕು ಸಲ ಓಡಾಡಿದ್ದೆ, ಏನೂ ಕಂಡಿರಲಿಲ್ಲ. ಅಪ್ಪನ ಮುಖದಲ್ಲಿ ಬಂದ ಹೊಸದರಲ್ಲಿ ಇದ್ದ ಬಾಲ್ಕನಿ ಕಳೆ ಹೋಗಿತ್ತು. ಅವತ್ತಿಡೀ ಅವನೇ ಗೈಡ್. ಟೀಪಿ ಲೇಕ್‌ವರೆಗೆ ಹೋಗಿ ಬಂದೆವು. ಹುಟ್ಟು ಹಾಕುವುದೂ ಹದಕ್ಕೆ ಬಂದಿತ್ತು. ಮೂಸ್ ಕಾಣುತ್ತದೇನೋ ಎಂದು ಕಾದೆವು, ಕಾಣಲಿಲ್ಲ.

ಎರಡನೇ ರಾತ್ರಿ, ಮಂಡಕ್ಕಿ ಒಗ್ಗರಣೆ ತಿಂದು ಬೆಂಕಿ ಮುಂದೆ ಕೂತಾಗ ನಾನು ವಿಷಯ ತೆಗೆದೆ. ಎಲ್ಲಿಗೂ ಎದ್ದು ಹೋಗುವಂತಿಲ್ಲ. ಒಂದು ಕಡೆ ಕೆರೆ, ಒಂದು ಕಡೆ ಕಾಡು.

"ಅಪ್ಪಾ, ಮಾಮನಿಗೆ ಆದದ್ದು ನಿಂಗೂ ಆಗಬಹುದು. ಐದು ವರ್ಷ ಇಲ್ಲೇ ಇರಬಹುದು ನೀವು. ಯಾಕೆ ಹಟ?"

ಅಪ್ಪ ಬೆಂಕಿಗೆ ಒಂದು ಸೌದೆ ಇಟ್ಟ. "ಇಲ್ಲಿ ನೀವು ಕರಡಿ ಮನೆಗೆ ಬರ್ತೀರಿ. ಮೂರು ದಿನ ಇರ್ತೀರಿ, ಊಟ ಗಿಡಕ್ಕೆ ಕಟ್ತೀರಿ, ಹೋಗ್ತೀರಿ. ಅದರ ಮನೆ ಅದಕ್ಕೆ, ನಿಮ್ಮ ಮನೆ ನಿಮಗೆ. ಚೊಲೋ ಐತೆ. ನಮ್ಮಲ್ಲಿ ಹಂಗಿಲ್ಲ. ನನ್ನ ಹೊಲ ಎಲ್ಲಿ ಮುಗೀತು, ಅದರ ಗುಡ್ಡ ಎಲ್ಲಿ ಶುರುವಾತು ಅಂತ ನನಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ. ನಮ್ಮಪ್ಪನ ಕಾಲದಿಂದ ಹಂಗೇ ನಡೆದೈತೆ. ಇಬ್ಬರಲ್ಲಿ ಒಬ್ಬರು ಹೋಗಿಬಿಟ್ರೆ ಅದು ಊರಲ್ಲ."

"ಅದಕ್ಕೆ ನೀನೇ ಯಾಕೆ ರಾತ್ರಿ ಕಾಯಬೇಕು?"

"ಇನ್ಯಾರು ಕಾಯಬೇಕು? ನೀನಾ?"

ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಇಲ್ಲ ಅಂತ ಅಪ್ಪನಿಗೂ ಗೊತ್ತು. ಚುಚ್ಚಿ ಹೇಳಿದ್ದೂ ಅಲ್ಲ, ನಿಜ ಹೇಳಿದ. ಹೆಂಡತಿ ನನ್ನ ತೋಳು ಮುಟ್ಟಿದಳು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಮನೆಯಲ್ಲಿ ಯಾವಾಗಲೂ ಅಲ್ಲಿಗೇ ನಿಂತದ್ದು.

ಅಷ್ಟು ಹೊತ್ತು ಪಾತ್ರೆ ಒರೆಸುತ್ತಿದ್ದ ಅಮ್ಮ ಮಾತಾಡಿದಳು. ಅಪ್ಪನ ಕಡೆ ನೋಡಲಿಲ್ಲ, ಬೆಂಕಿಯ ಕಡೆ ನೋಡಿಕೊಂಡೇ ಹೇಳಿದಳು. "ನೀವು ಹೊಲಕ್ಕೆ ಹೋದ ರಾತ್ರಿ ನಾನು ಮಲಗಲ್ಲ. ಬಾಗಿಲು ಮುಂದೆ ಕುಂತಿರ್ತೀನಿ. ನೀವು ಡಬ್ಬ ಬಡಿಯೋದು ಗಾಳಿ ಈ ಕಡೆ ಇದ್ರೆ ಕೇಳ್ತತಿ. ಆ ಕಡೆ ಇದ್ರೆ ಕೇಳಲ್ಲ. ಕೇಳದ ರಾತ್ರಿ ಇದಾವಲ್ಲ..." ಅಲ್ಲಿಗೆ ನಿಲ್ಲಿಸಿದಳು. ಸ್ವಲ್ಪ ಹೊತ್ತಾದ ಮೇಲೆ, "ನಿನ್ನೆ ರಾತ್ರಿನೂ ನೀವು ಎದ್ದು ಹೊರಗೆ ಕುಂತಿದ್ರಿ. ನಿನ್ನೆ ನಂಗೆ ನಿದ್ದೆ ಬಂತು. ಟೆಂಟಿನ ಬಟ್ಟೆ ಆಚೆಗೇ ಇದ್ರಿ, ಕೆಮ್ಮಿದ್ದು ಕೇಳ್ತಿತ್ತು" ಅಂದಳು.

ಅಪ್ಪ ಅವಳನ್ನೇ ನೋಡಿದ. "ಯಾವತ್ತೂ ಹೇಳಿಲ್ಲ ನೀನು."

"ಯಾವಾಗ ಹೇಳಲಿ? ಬೆಳಗ್ಗೆ ಬಂದು ಮಲಗ್ತೀರಿ. ಎದ್ದು ಮತ್ತೆ ಹೊಲಕ್ಕೆ ಹೋಗ್ತೀರಿ."

ನಾನು, ಹೆಂಡತಿ ದೋಣಿ ಕಟ್ಟಿದ್ದು ಸರಿಯಿದೆಯಾ ನೋಡುವ ನೆಪದಲ್ಲಿ ಎದ್ದು ದಡಕ್ಕೆ ಹೋದೆವು. ದೋಣಿ ಸರಿಯಾಗೇ ಇತ್ತು. ಅರ್ಧ ಗಂಟೆ ಕಲ್ಲಿನ ಮೇಲೆ ಕೂತೆವು. ಅಲ್ಲಿ ಅವರಿಬ್ಬರು ಏನು ಮಾತಾಡಿದರೋ ಕೇಳಲಿಲ್ಲ. ವಾಪಸ್ ಬಂದಾಗ ಅಪ್ಪ, ಯಾರೋ ಬೆಲೆ ಚೌಕಾಸಿ ಮಾಡಿ ವ್ಯಾಪಾರ ಮುಗಿಸಿದವರ ಹಾಗೆ ಹೇಳಿದ: "ಅಕ್ಟೋಬರಿಗೆ ಹೋಗ್ತೀವಿ. ಶೇಂಗಾ ಕೀಳೋ ಹೊತ್ತಿಗೆ ಅಲ್ಲಿರಬೇಕು. ಆದರೆ ಇನ್ನುಮ್ಯಾಲೆ ಒಬ್ಬನೇ ಕಾಯಲ್ಲ. ಪಾಲಿನ ಹುಡುಗನ್ನ ಜೊತೆಗೆ ಇಟ್ಕಂತೀನಿ. ನಸುಕಿನಾಗೆ ಹೊರಡಲ್ಲ, ಬೆಳಕು ಹರಿದ ಮ್ಯಾಲೆ ಹೊರಡ್ತೀನಿ. ಸಾಕಾ?"

ನನಗೆ ಸಾಲದು. ಇವತ್ತಿಗೂ ಸಾಲದು. ಆದರೆ ಆ 'ಸಾಕಾ' ಕೇಳಿದ್ದು ನನ್ನನ್ನಲ್ಲ, ಅಮ್ಮನನ್ನು. ಅವಳು "ಹೂಂ" ಅಂದಳು.

ಮೂರನೇ ದಿನ ವಾಪಸ್. ಅಪ್ಪ ಈ ಸಲ ಹಿಂಬದಿ ಕೂರುತ್ತೇನೆ ಅಂದ. ಕೂರಿಸಿದೆ. ದೋಣಿ ಎರಡು ಸಲ ದುಂಡಗೆ ತಿರುಗಿತು, ಅಪ್ಪಟ ತೆಪ್ಪದ ಹಾಗೆ. ಅಮ್ಮ, ಹೆಂಡತಿ ದೂರದಲ್ಲಿ ದೋಣಿ ನಿಲ್ಲಿಸಿಕೊಂಡು ಕಾಯುತ್ತ ರೊಟ್ಟಿ ತಿನ್ನುತ್ತಿದ್ದರು.

ಅಕ್ಟೋಬರಿನಲ್ಲಿ ಅವರು ಊರಿಗೆ ಹೋದರು. ಸೂಟ್‌ಕೇಸ್ ತುಂಬುವಾಗ ಅಪ್ಪ ಟ್ರಿಪ್‌ಗೆಂದು ಕೊಂಡಿದ್ದ ಎರಡು ವಸ್ತು ಕೇಳಿದ: ತಲೆಗೆ ಕಟ್ಟುವ ಟಾರ್ಚು ಮತ್ತು ಕಿತ್ತಳೆ ಬಣ್ಣದ ಸೀಟಿ. ಮಾಮನಿಗೂ ಒಂದು ಸೀಟಿ ಬೇಕು ಅಂದಿದ್ದಕ್ಕೆ ಅಂಗಡಿಗೆ ಹೋಗಿ ಇನ್ನೂ ನಾಲ್ಕು ತಂದೆ. ಈಗ ಹೊಲದ ದಾರಿಯ ಪ್ರತಿ ತಿರುವಿಗೂ ಮುಂಚೆ ಅಪ್ಪ ಸೀಟಿ ಊದುತ್ತಾನಂತೆ. ಅಟ್ಟಣಿಗೆ ಮೇಲೆ ಕೂತಾಗ ಗಂಟೆಗೊಂದು ಸಲ ಊರಿನ ಕಡೆ ತಿರುಗಿ ಊದುತ್ತಾನಂತೆ. ಡಬ್ಬದ ಸದ್ದಿಗಿಂತ ಅದು ದೂರ ಹೋಗುತ್ತದೆ, ಗಾಳಿ ಆ ಕಡೆ ಇದ್ದರೂ ಕೇಳುತ್ತದೆ. ಮೊನ್ನೆ ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು: "ಊರ ನಾಯಿಗಳೆಲ್ಲ ಬೊಗಳ್ತಾವೆ, ಓಣಿಯವರೆಲ್ಲ ಬೈತಾರೆ. ನಿಮ್ಮಪ್ಪಗೆ ಏನು ಹುಚ್ಚು ಹಿಡಿಸಿ ಕಳಿಸೀಯೋ ಅಂತಾರೆ. ನಾನೇನೂ ಅನ್ನಲ್ಲ ಬಿಡು. ಊದಲಿ."